ಮೋರಿಯ ಮೇಲಿನ ಕಲ್ಲು

೭ ಫೆಬ್ರವರಿ ೧೯೫೪, ಭಾನುವಾರ

ಪುಟ್ಟಮಲ್ಲಪ್ಪ ಊರ ಗೋಮಾಳ ಕದ್ದಿದ್ದಾರೆ. ಇದಕ್ಕೆ ಮೆತ್ತನೆಯ ಮಾತು ಹುಡುಕಲಾರೆ. ಕಳವು. ಊರಂಚಿನ ಹುಣಸೆಮರದ ಹಿಂದಿನಿಂದ ಹಿಡಿದು ಮೂಡಲ ಬೆಟ್ಟದ ಬುಡದವರೆಗೆ ಕಳ್ಳಿಬೇಲಿ. ಊರ ದನ ಮೇಯುತ್ತಿದ್ದ ಹುಲ್ಲೆಲ್ಲ ಬೇಲಿಯ ಒಳಗೆ. ಕೇಳಿದವರಿಗೆ ಒಂದೇ ಉತ್ತರ — 'ನಮ್ಮ ಹೊಲದ ಗಡಿ ಅಲ್ಲಿಗಂಟ ಅದೆ.'

ಎಂದಿನ ಭಾನುವಾರದಂತೆ, ನಾನು ಕೆಲಸ ಮಾಡುವ ಪ್ರೆಸ್ಸಿನ ಸೈಕಲ್ಲು ತುಳಿದು ಊರಿಗೆ ಬಂದೆ. ಚಾಮರಾಜನಗರದಿಂದ ಹರವೆ, ಅಲ್ಲಿಂದ ಮಣ್ಣುರಸ್ತೆ. ಮನೆ ಮುಂದೆ ಕೆಂಪಿಯನ್ನು ಕಟ್ಟಿಹಾಕಿತ್ತು. ಆ ಹೊತ್ತಿಗೆ ಬೆಟ್ಟದ ಕಡೆ ಇರಬೇಕಾದ ಹಸು. ಅವ್ವ ಒಣ ಜೋಳದ ದಂಟು ಮುರಿದು ಹಾಕುತ್ತಿದ್ದಳು.

'ಯುಗಾದಿಗಂಟ ಹೆಂಗೋ ಸಾಕ್ತೀನಿ ಕಣ್ಲಾ. ಆಮೇಕೆ ತೆರಕಣಾಂಬಿ ಸಂತೆಗೆ ಹೊಡ್ಕೊಂಡೋಗು.'

ಕರುವಾಗಿದ್ದಾಗ ತಾಯಿ ಸತ್ತ ಕೆಂಪಿಗೆ ಬಟ್ಟೆ ಅದ್ದಿ ಹಾಲು ಕುಡಿಸಿದವಳು ಅವ್ವ. ಈ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಹಸುವಿನ ಮುಖವನ್ನೂ ನೋಡಲಿಲ್ಲ.

ಪಕ್ಕದ ಮನೆ ಚಿಕ್ಕಯ್ಯನಿಗೆ ಹೇಳಿದೆ — ಸತ್ಯಾಗ್ರಹ. ನಾವೇ ಬೇಲಿ ಕೀಳೋಣ.

'ಕೀಳನ ಬುಡು. ಬೆಳಿಗ್ಗೆ ಕಿತ್ತು ಮದ್ಯಾನ ಅವ್ರ ಹೊಲಕ್ಕೇ ಕೂಲಿಗೆ ಓಗನ. ಸರೀನಾ?'

ನಗುತ್ತಾನೆ. ಗುಲಾಮರು ನಗುವುದನ್ನು ಬಿಡುವ ದಿನ ಸ್ವರಾಜ್ಯ ನಿಜವಾಗುತ್ತದೆ.

೯ ಫೆಬ್ರವರಿ, ಮಂಗಳವಾರ

ಊಟದ ಬಿಡುವಿನಲ್ಲಿ ಕರಪತ್ರ ಜೋಡಿಸಿದೆ. 'ಭೂಗಳ್ಳರಿಗೆ ಧಿಕ್ಕಾರ!' ತಲೆಬರಹಕ್ಕೆ ದಪ್ಪ ಅಚ್ಚುಮೊಳೆ. ಮೂರನೇ ಸಾಲಿನಲ್ಲಿದ್ದಾಗ ಹಿಂದೆ ಕೆಮ್ಮು. ಮಾಲೀಕರು ವೃಷಭೇಂದ್ರಪ್ಪನವರು. ಮೊಳೆಯನ್ನು ತಿರುಗುಮುರುಗಾಗಿಯೇ ಸರಸರ ಓದಿಬಿಟ್ಟರು. ನನಗೆ ಆ ಓದು ಕಲಿಸಿದವರೇ ಅವರು.

'ಮಾದು, ಪುಟ್ಟಮಲ್ಲಪ್ಪ ನಮ್ಮ ಬೀಗರ ಕಡೆಯೋನು. ಗೊತ್ತೇನಯ್ಯ?'

ಗೊತ್ತು ಎಂದೆ. ಸತ್ಯಕ್ಕೆ ಬೀಗರಿಲ್ಲ ಎಂದೂ ಅಂದೆ. ಕೆಲಸ ಹೋಯಿತು ಎಂದುಕೊಂಡೆ.

ಅವರು ಕುರ್ಚಿ ಎಳೆದುಕೊಂಡು ಕೂತರು. 'ಬೈಗುಳ ಅಚ್ಚು ಹಾಕ್ಬೇಡ. ಬೈಗುಳಕ್ಕೆ ಆಧಾರ ಬೇಡ, ಅದಕ್ಕೇ ಅದು ಅಗ್ಗ. ಅದು ಗೋಮಾಳ ಅನ್ನೋಕೆ ಏನಿದೆ ನಿನ್ ಹತ್ರ? ತಂದು ತೋರ್ಸು. ನನ್ನ ಕಾಗದ, ನನ್ನ ಮಸಿ, ನಾನೇ ಅಚ್ಚು ಹಾಕಿಕೊಡ್ತೀನಿ. ಬೀಗರು ಮುನಿಸ್ಕೊಂಡ್ರೆ ಮುನಿಸ್ಕೊಳ್ಳಲಿ.'

ಮೊಳೆಗಳನ್ನೆಲ್ಲ ಖಾನೆಗೆ ವಾಪಸು ಹಾಕಿದೆ. ಸಿಟ್ಟು ಇಳಿದಿರಲಿಲ್ಲ. ಆದರೂ ಬರೆದಿಡಬೇಕು — ಬಯ್ಯದೆ ಬಿಟ್ಟರು. ಮಾತು ಕೊಟ್ಟರು. ದೊಡ್ಡ ಮನಸ್ಸು.

ಆಧಾರ. ಎಲ್ಲಿಂದ ತರಲಿ...

೧೪ ಫೆಬ್ರವರಿ, ಭಾನುವಾರ

ಊರು. ಇವತ್ತಿನ ದಿನವನ್ನು ಮರೆಯಬಾರದು.

ಬರುವಾಗ ಹುಣಸೆಮರದ ಹತ್ತಿರ ದಿಬ್ಬಣದ ಗಾಡಿ ರಸ್ತೆಗೆ ಅಡ್ಡ ನಿಂತಿತ್ತು. ಹೊಸ ಹೆಣ್ಣನ್ನು ಇಳಿಸಿ, ಬರೀ ನೆಲಕ್ಕೆ ಅರಿಶಿನದ ನೀರು ಹಾಕಿಸಿ, ಮದುವೆಗಂಡಿನ ಕೈಯಲ್ಲಿ ತೆಂಗಿನಕಾಯಿ ಒಡೆಸುವವರೆಗೆ ಸೈಕಲ್ಲು ಹಿಡಿದು ಬಿಸಿಲಲ್ಲಿ ಕಾದೆ. ಅಲ್ಲಿ ದೇವರಿಲ್ಲ, ಗುಡಿಯಿಲ್ಲ, ಒಂದು ಗುಂಡುಕಲ್ಲೂ ಇಲ್ಲ. ಯಾಕೆ ಎಂದು ಕೇಳಿದರೆ 'ಪದ್ಧತಿ ಕಣಪ್ಪ' ಎಂದರು. ಬೆಟ್ಟದಷ್ಟು ಹುಲ್ಲು ಕಳೆದುಕೊಂಡವರು ಬರೀ ನೆಲಕ್ಕೆ ಕಾಯಿ ಒಡೆಯುತ್ತಾರೆ. ಮೂಢರು.

ಮಧ್ಯಾಹ್ನ ಅಪ್ಪನಿಗೆ ಪುಸ್ತಿಕೆ ಓದಿ ಹೇಳಿದೆ. ಗುಂಡ್ಲುಪೇಟೆಯ ಗುರುಮಲ್ಲಯ್ಯ ಮೇಷ್ಟ್ರು ಕೊಟ್ಟದ್ದು. ನಾಲ್ಕನೇ ತರಗತಿಗೆ ಓದು ನಿಂತವನಿಗೆ ಪುಸ್ತಿಕೆ ಕೊಡುತ್ತ ಬಂದಿರುವವರು ಅವರು. ಇದು ಗ್ರೀಕರ ಶಿಲಾಲೇಖಗಳ ಮೇಲಿನದು. ಅಥೆನ್ಸ್ ಪಟ್ಟಣದವರು ಕಾಯಿದೆ ಮಾಡಿದರೆ ಕಲ್ಲಿನಲ್ಲಿ ಕೆತ್ತಿಸಿ ಬಯಲಲ್ಲಿ ನಿಲ್ಲಿಸುತ್ತಿದ್ದರಂತೆ. ಕೊನೆಗೆ ಹೀಗೆ ಬರೆಸಿದ್ದೂ ಉಂಟಂತೆ — ನೋಡಬೇಕೆಂದವನು ಯಾರೇ ಆಗಲಿ, ನೋಡಲಿ. ಈ ಸಾಲು ಓದಿದಾಗಲೆಲ್ಲ ಎದೆ ಉಬ್ಬುತ್ತದೆ. ಇನ್ನೊಂದು ಕಲ್ಲು ತಾನೇ ಮಾತಾಡುತ್ತದೆ — 'ನಾನು ಚೌಕದ ಗಡಿ.' ಆಮೇಲೆ ಬಂದ ಜನ ಇಂಥ ಕಲ್ಲುಗಳನ್ನು ಕಿತ್ತು ಗೋಡೆಗೆ, ಹೊಸ್ತಿಲಿಗೆ ಹಾಕಿಕೊಂಡರಂತೆ.

ಅಪ್ಪ ಬೀಡಿ ಆರಿಸಿದ. 'ಅಕ್ಸರದ ಕಲ್ಲಾ? ಅಂತದು ನಮ್ ಬುದ್ಧ್ಯೋರ ಹಟ್ಟೀಲೂ ಅದಲ್ಲ.'

ಬುದ್ಧ್ಯೋರು ಅಂದರೆ ಪುಟ್ಟಮಲ್ಲಪ್ಪ. ಅಪ್ಪ ಅವರ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾನೆ.

'ಕೊಟ್ಗೆ ಮುಂದ್ಲ ಮೋರಿಗೆ ಚಪ್ಪಡಿ ಹಾಕವ್ರಲ್ಲ, ಅದು. ಮೇಲೆ ನುಣ್ಗದೆ. ಮೋರಿ ಕಟ್ಕೊಂಡಾಗ ಕೆಳಗಡಿಂದ ಕೈ ಆಡಿಸ್ತೀನಲ್ಲ — ಗೀರು ಗೀರಾಗಿ ಸಿಕ್ತವೆ. ಸಾಲು ಸಾಲಾಗಿ.'

'ಇಷ್ಟು ದಿನ ಯಾಕಪ್ಪ ಹೇಳ್ಲಿಲ್ಲ?'

'ನೀನು ಮೋರಿ ವಿಚಾರ ಯಾವತ್ಲಾ ಕೇಳಿದ್ದೆ?'

ಅಪ್ಪನ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಸಗಣಿ. ಆ ಬೆರಳುಗಳು ಓದು ಬಾರದೆ ಓದಿಕೊಂಡಿವೆ.

೨೧ ಫೆಬ್ರವರಿ, ಭಾನುವಾರ, ಸಂಜೆ

ಕಲ್ಲು ಎತ್ತಿದೆವು!

ಪುಟ್ಟಮಲ್ಲಪ್ಪ ಮೈಸೂರಿಗೆ ಹೋಗಿದ್ದರು. ಕದ್ದು ನುಗ್ಗುವುದು ನನಗೆ ಒಪ್ಪಿಗೆಯಿಲ್ಲ. ಹಿತ್ತಲಿಗೆ ಹೋಗಿ ಅವರ ತಾಯಿ ಮಲ್ಲಾಜಮ್ಮನವರನ್ನೇ ಕೇಳಿದೆ. ಎಪ್ಪತ್ತು ದಾಟಿದ ಮುದುಕಿ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅವರೆಕಾಯಿ ಸುಲಿಯುತ್ತಿದ್ದರು.

'ಅವ್ವಾರೆ, ಮೋರಿ ಮ್ಯಾಲಿನ ಕಲ್ಲು ಎತ್ತಿ ನೋಡ್ಬೇಕು. ಅಕ್ಷರ ಇದ್ರೆ ಅಚ್ಚು ತಕ್ಕೊಂಡು ಹಂಗೇ ಮಡಗ್ತೀವಿ.'

'ಎತ್ಕೊಳಿ. ಎಂಗೂ ಮೋರಿ ನಾರ್ತದೆ. ತೊಳುದ್ಬುಡಿ.'

ಅಷ್ಟೇ. ನಾನು ಕಲಿತುಕೊಂಡು ಹೋಗಿದ್ದ ಭಾಷಣ ದಂಡವಾಯಿತು.

ಅಪ್ಪ, ಚಿಕ್ಕಯ್ಯ, ನಾನು, ಎರಡು ಹಾರೆ. ಮಗುಚಿದಾಗ ಕಂಡದ್ದು — ಮೇಲೆ ಸೂರ್ಯ, ಚಂದ್ರ, ಹಸು ಕರು. ಕೆಳಗೆ ಸಾಲುಗಳು. ಸೀಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದೆವು. 'ನನ್ ಮದ್ವೇಲೂ ಇಷ್ಟು ಉಜ್ಜಿರ್ಲಿಲ್ಲ ಕಣ್ಲಾ ನನ್ನ' ಎಂದ ಚಿಕ್ಕಯ್ಯ.

ದಪ್ಪ ಕಾಗದ ಮಾಲೀಕರೇ ಕೊಟ್ಟದ್ದು. ಕಲ್ಲಿನ ಅಚ್ಚು ತೆಗೆಯಲು ಪುಸ್ತಿಕೆಯಲ್ಲಿರುವ ರೀತಿ ಕೇಳಿ ನಕ್ಕಿದ್ದರು — 'ಒದ್ದೆ ಕಾಗದ ಹಾಸಿ ಬ್ರಷ್ಷಲ್ಲಿ ಬಡಿಯೋದು ತಾನೆ? ದಿನಾ ಮಾಡ್ತೀಯಲ್ಲೋ. ಗ್ರೀಕರೂ ಪ್ರೂಫ್ ತೆಗೀತಿದ್ರು ಅನ್ನು!' ಗ್ರೀಕರಲ್ಲ, ಅವರ ಕಲ್ಲು ಓದುವ ಈಗಿನ ವಿದ್ವಾಂಸರು ಎಂದು ತಿದ್ದಿದೆ. 'ಯಾರೋ ಒಬ್ರು' ಎಂದರು.

ಆ ಮಾತೇ ಕೆಡಿಸಿತು. ಕಾಗದ ಬಡಿದೆ, ಅಕ್ಷರ ಚೆನ್ನಾಗಿ ಮೂಡಿತು, ಪ್ರೆಸ್ಸಿನ ಅಭ್ಯಾಸದಲ್ಲಿ ಒದ್ದೆಯಲ್ಲೇ ಮೂಲೆ ಹಿಡಿದು ಎಳೆದೆ. ಪ್ರೂಫನ್ನು ಎತ್ತುವುದೇ ಹಾಗೆ. ಪರ್‍ರನೆ ಹರಿದು ಅರ್ಧ ಕೈಯಲ್ಲಿ, ಅರ್ಧ ಕಲ್ಲಿನಲ್ಲಿ. ಉಳಿದದ್ದು ಒಂದೇ ಹಾಳೆ. ಪುಸ್ತಿಕೆ ತೆರೆದೆ. ಪೂರ್ತಿ ಒಣಗಿದ ಮೇಲೆ ತಾನೇ ಬಿಡುತ್ತದೆ, ಅಲ್ಲಿಯವರೆಗೆ ಮುಟ್ಟಬಾರದು ಎಂದಿತ್ತು. ಎರಡು ಸಲ ಓದಿದ್ದೆ. ಕೈಗೆ ಗೊತ್ತಿದ್ದದ್ದು ಕಣ್ಣಿನ ಮಾತು ಕೇಳಲಿಲ್ಲ.

ಎರಡನೆಯ ಹಾಳೆ ಹಾಕಿ ಬಿಸಿಲಲ್ಲಿ ಕೈಕಟ್ಟಿ ಕೂತೆ. ನನಗೆ ಕಷ್ಟದ ಕೆಲಸ. ಮಲ್ಲಾಜಮ್ಮ ಮಜ್ಜಿಗೆ ಕಳಿಸಿದರು. ಹೊರಗಿನ ಗೂಟಕ್ಕೆ ಸಿಕ್ಕಿಸಿದ್ದ ಬೇರೆ ಲೋಟದಲ್ಲಿ. ಸಿಟ್ಟು ಬಂತು. ಬಾಯಾರಿಕೆಯೂ ಇತ್ತು. ಕುಡಿದೆ. ಉಪ್ಪು, ಇಂಗು, ಕರಿಬೇವು... ಚೆನ್ನಾಗಿತ್ತು ಎಂಬುದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ.

ಒಣಗಿದ ಹಾಳೆ ತಾನಾಗಿ ಮೂಲೆ ಎತ್ತಿ ಕಲ್ಲನ್ನು ಬಿಟ್ಟಿತು. ಆಗ ಮುದುಕಿ ಕೋಲೂರಿಕೊಂಡು ಬಂದು, ಆ ಹಸು ಕರುವನ್ನು ಕಂಡು, ಕೈ ಮುಗಿದು, ಕಲ್ಲನ್ನೇ ಮಾತಾಡಿಸಿದರು — 'ಬಂದ್ಯಾ ತಾಯಿ?'

ಕಲ್ಲಿನ ಜೊತೆ ಮಾತು. ನಮ್ಮ ದೇಶ ಯಾವಾಗ ಎಚ್ಚರವಾಗುತ್ತದೋ.

ಹೇಳಿದಂತೆ ಕಲ್ಲನ್ನು ಮೊದಲಿದ್ದ ಹಾಗೇ ಮಗುಚಿಟ್ಟು ಬಂದೆವು.

೨೩ ಫೆಬ್ರವರಿ

ಹಾಳೆಯ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ, ತಿರುಗುಮುರುಗಾಗಿ ನಿಂತಿವೆ. ಮೊಳೆ ಓದಿದ ಕಣ್ಣಿಗೆ ಹೊಸದೇನಲ್ಲ. ಆದರೆ ಲಿಪಿ ಹಳೆಯದು. ಅಲ್ಲೊಂದು 'ಊರ', ಇಲ್ಲೊಂದು 'ಮೂಡಲು'. 'ಊರ' ಎಂಬುದನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದೆ.

೨೮ ಫೆಬ್ರವರಿ, ಭಾನುವಾರ

ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆ. ಹಾಳೆಯನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿದ್ದ ಕೇರಳದ ಮೆಣಸಿನ ವ್ಯಾಪಾರಿ ಹಪ್ಪಳವೆಂದುಕೊಂಡು 'ಪಪ್ಪಡಮಾ?' ಎಂದು ಕೇಳಿದ.

ಮೇಷ್ಟ್ರು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಮಧ್ಯಾಹ್ನದವರೆಗೂ ಓದಿದರು. ಅವರ ಲೆಕ್ಕದಲ್ಲಿ ನಾನೂರು ವರ್ಷ ಹಳೆಯದು. ಸಾರಾಂಶ — ಈ ಕಲ್ಲಿನಿಂದ ಮೂಡಲು ಬೆಟ್ಟದ ಬುಡದವರೆಗಿನ ಹುಲ್ಲುನೆಲ ಊರ ಎಲ್ಲರ ದನಕರುವಿಗೆ, ಸೂರ್ಯಚಂದ್ರರು ಇರುವವರೆಗೆ. ತಪ್ಪಿದವನಿಗೆ ಗೋವು ಕೊಂದ ಪಾಪ.

ಎದ್ದು ಕುಣಿದುಬಿಟ್ಟೆ. ಗೆದ್ದೆವು! ಕಲ್ಲು ಸುಳ್ಳು ಹೇಳುವುದಿಲ್ಲ!

'ಕೂತ್ಕೊ' ಎಂದರು ಮೇಷ್ಟ್ರು. 'ಕಲ್ಲೂ ಸುಳ್ಳು ಹೇಳುತ್ತಪ್ಪ. ಕೆತ್ತಿಸಿದವನು ಏನು ಹೇಳು ಅಂದನೋ ಅದನ್ನ ಹೇಳುತ್ತೆ. ಗ್ರೀಕರ ಕಲ್ಲಾದ್ರೂ ಅಷ್ಟೆ, ನಮ್ಮದಾದ್ರೂ ಅಷ್ಟೆ. ಯಾರು ಕೆತ್ತಿಸಿದ್ರು, ಯಾರು ಓದಲಿ ಅಂತ ಕೆತ್ತಿಸಿದ್ರು, ಎಲ್ಲಿ ನಿಂತಿತ್ತು — ಇಷ್ಟನ್ನೂ ಕೇಳ್ಬೇಕು. ಇದು ಗಡಿಕಲ್ಲು. 'ಇಲ್ಲಿಂದ' ಅನ್ನುತ್ತೆ. ಮೋರಿ ಮೇಲೆ ಮಲಗಿರೋ ಕಲ್ಲಿಗೆ ಯಾವುದು ಇಲ್ಲಿ?'

ಅವರ ಮಾತು ಆಗ ನನ್ನೊಳಗೆ ಇಳಿಯಲಿಲ್ಲ. ಅಮಲ್ದಾರರಿಗೆ ಅರ್ಜಿ ಅವರೇ ಬರೆದುಕೊಟ್ಟರು, ತಮ್ಮ ಶಾಯಿಯಲ್ಲಿ. ಮನೆಯ ಒಳಗೆ, ತಮ್ಮ ಪಕ್ಕದಲ್ಲೇ ಮಣೆ ಹಾಕಿ ಊಟಕ್ಕಿಕ್ಕಿಸಿದರು. ಒಂದೇ ಥರದ ಲೋಟ.

೯ ಮಾರ್ಚ್, ಮಂಗಳವಾರ

ಗುಂಡ್ಲುಪೇಟೆ ತಾಲ್ಲೂಕು ಕಚೇರಿ. ಪುಟ್ಟಮಲ್ಲಪ್ಪನವರನ್ನೂ ಕರೆಸಿದ್ದರು. ಜರತಾರಿ ಅಂಚಿನ ರುಮಾಲು. ನನ್ನನ್ನು ನೋಡಲೇ ಇಲ್ಲ.

ಅಮಲ್ದಾರರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 'ಚೆನ್ನಾಗಿ ತೆಗೆದಿದೀಯ' ಎಂದರು. ಆಮೇಲೆ ಮೇಷ್ಟ್ರು ಕೇಳಿದ್ದನ್ನೇ ಕೇಳಿದರು. ಎಲ್ಲಿತ್ತು?

ಪುಟ್ಟಮಲ್ಲಪ್ಪ — 'ನಮ್ ತಂದೆ ಕಾಲ್ದಲ್ಲಿ ಎಲ್ಲಿಂದ್ಲೋ ತಂದು ಮಡಗಿದ್ದು ಸ್ವಾಮಿ. ಯಾವೂರ ಕಲ್ಲೋ, ನನಗೇನು ಗೊತ್ತು.'

'ಸ್ವಾಮಿ, ಕಲ್ಲಿಗೆ ಕಾಲಿಲ್ಲ' ಎಂದೆ.

'ಗಾಡಿಗೆ ಚಕ್ರ ಇದೆಯಲ್ಲಪ್ಪ' ಎಂದರು ಅಮಲ್ದಾರರು. ಕಚೇರಿಯೆಲ್ಲ ನಕ್ಕಿತು. ಸರ್ವೆ ಕಲ್ಲುಗಳು ಎಂದೋ ಕಿತ್ತುಹೋಗಿವೆ. ಈ ಕಲ್ಲು ನಿಂತಿದ್ದ ಜಾಗ ಕಂಡವರು ಯಾರಾದರೂ ಇದ್ದರೆ ಕರೆದುಕೊಂಡು ಬಾ ಎಂದರು, ಏಪ್ರಿಲ್ ಹತ್ತರೊಳಗೆ. ಇಲ್ಲವಾದರೆ ಬೇಲಿ ಇದ್ದಲ್ಲೇ ಇರುತ್ತದೆ.

ಅವರು ಅನ್ಯಾಯ ಹೇಳಲಿಲ್ಲ. ಅದೇ ಹೆಚ್ಚು ನೋಯುತ್ತಿದೆ.

೧೪ ಮಾರ್ಚ್, ಭಾನುವಾರ

ಅಪ್ಪನಿಗೆ 'ನಾಳೆಯಿಂದ ಬರಬೇಡ' ಎಂದಿದ್ದಾರೆ. ಇಪ್ಪತ್ತು ವರ್ಷ. ನನ್ನಿಂದ. ಒಂದು ಮಾತು ಬಯ್ಯಲಿ ಎಂದು ಎದುರಿಗೇ ಕೂತೆ. ಬೀಡಿ ಹಚ್ಚಿದ. 'ಕೈಗೆ ಸಿಕ್ತು, ಹೇಳ್ದೆ. ಇದ್ದದ್ದ ಇದೆ ಅಂದ್ರೆ ತಪ್ಪೇನ್ಲಾ?'

ಊರ ಮುದುಕರನ್ನೆಲ್ಲ ಕೇಳಿದೆ. ಕಲ್ಲು ಎಲ್ಲಿತ್ತು? ಗೊತ್ತಿಲ್ಲ. ಗೊತ್ತಿದ್ದವರೂ ಗೊತ್ತಿಲ್ಲ ಎನ್ನುತ್ತಾರೋ ಏನೋ.

೨೧ ಮಾರ್ಚ್

ಏನೂ ಇಲ್ಲ. ಕೆಂಪಿಯ ಪಕ್ಕೆಲುಬುಗಳು ಕಾಣುತ್ತಿವೆ.

೨೫ ಮಾರ್ಚ್, ಗುರುವಾರ

ಪ್ರೆಸ್ಸು. ಲಗ್ನಪತ್ರಿಕೆ ಜೋಡಿಸುತ್ತಿದ್ದೆ. ಎಂದಿನ ಸಾಲುಗಳು, ಎಂದಿನ ಬಳ್ಳಿಯ ಅಂಚು. ಕೈ ತಾನೇ ನಡೆಯುತ್ತಿತ್ತು. 'ವಧುವಿನ ದಿಬ್ಬಣವು' ಎಂಬಲ್ಲಿಗೆ ಬಂದು ನಿಂತುಬಿಟ್ಟಿತು.

ಅವತ್ತು ರಸ್ತೆಗೆ ಅಡ್ಡ ನಿಂತ ಗಾಡಿ. ಬರೀ ನೆಲಕ್ಕೆ ಅರಿಶಿನದ ನೀರು. ಗುಡಿಯಿಲ್ಲ, ಕಲ್ಲಿಲ್ಲ — ನಾನೇ ಬರೆದಿದ್ದೇನೆ, ಈ ಪುಸ್ತಕದಲ್ಲೇ, ನಗುತ್ತ. ಕಲ್ಲಿಲ್ಲದ ಜಾಗದಲ್ಲಿ ಯಾಕೆ ನಿಲ್ಲುತ್ತಾರೆ? ಕಲ್ಲು ಇದ್ದ ಜಾಗವಾದ್ದರಿಂದ!

ಮತ್ತೆ ಆ ಮುದುಕಿ. 'ಬಂದ್ಯಾ ತಾಯಿ?' ಗುರುತಿಲ್ಲದವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಕಂಪೋಜಿಂಗ್ ಸ್ಟಿಕ್ಕು ಕೈ ಜಾರಿ ಮೊಳೆಯೆಲ್ಲ ಚೆಲ್ಲಿತು. ಮಾಲೀಕರು ಓಡಿ ಬಂದರು. ಹೇಳಿದೆ. ಮೊಳೆ ಆರಿಸಲು ಅವರೂ ನೆಲಕ್ಕೆ ಕೂತರು. ಒಂದೊಂದೇ ಆರಿಸುತ್ತ ಅಂದರು — 'ಭಾನುವಾರದವರೆಗೆ ಕಾಯಿ. ಈ ಸಲ ಒಣಗೋಕೆ ಬಿಡು. ಒದ್ದೇಲಿ ಎಳೀಬೇಡ.'

೨೮ ಮಾರ್ಚ್, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಿತ್ತಲಿಗೆ ಹೋದೆ. ಮಲ್ಲಾಜಮ್ಮ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ವಾದ ಮಾಡಲಿಲ್ಲ. ಹಾಳೆ ತೋರಿಸಲಿಲ್ಲ. 'ಅವ್ವಾರೆ, ನೀವು ಮದ್ವೆಯಾಗಿ ಈ ಊರಿಗೆ ಬಂದ ದಿನ ಗಾಡಿಯಿಂದ ಎಲ್ಲಿ ಇಳುದ್ರಿ?' ಎಂದಷ್ಟೇ ಕೇಳಿದೆ.

ಮುಖವೆಲ್ಲ ನಗುವಾಯಿತು. ಯಾರೂ ಅವರನ್ನು ಅದನ್ನು ಕೇಳಿರಲಿಲ್ಲವೇನೋ.

'ಅಯ್ಯೋ, ಉಮ್ಮತ್ತೂರಿಂದ ಗಾಡೀಲಿ ಬಂದು ಬಂದು ಸೊಂಟ ಬಿದ್ದೋಗಿತ್ತು ಕಣಪ್ಪ. ಹನ್ನೆರಡೋ ಹದಿಮೂರೋ ನನಗೆ. ಊರಂಚು ಬತ್ತು, ಇಳಿ ಅಂದ್ರು. ಅಕ್ಸರದ ಕಲ್ಲು ನಿಂತಿತ್ತಲ್ಲ, ನನ್ನಷ್ಟೆತ್ತರ. ನಮ್ಮತ್ತೆ ಅಂದ್ರು, ಹಸೂಗೆ ಅರಿಶ್ನ ಇಡಮ್ಮಿ, ಕರೂಗೂ ಇಡು, ಇನ್ ಮ್ಯಾಲೆ ನೀನೂ ಈ ಊರೋಳು ಅಂತ. ಪಕ್ಕದಲ್ಲಿ ಹುಣ್ಸೆ ಸಸಿ ಇತ್ತು, ಮಂಡಿಯುದ್ದ. ಮುಳ್ಳು ಕಟ್ಟಿದ್ರು, ದನ ತಿನ್ದಂಗೆ. ಈಗ ನೋಡು, ನಾಕು ಜನ ತಬ್ಬುದ್ರೂ ಸಾಲ್ದು.'

'ಅವ್ವ.'

ಬಾಗಿಲಲ್ಲಿ ಪುಟ್ಟಮಲ್ಲಪ್ಪ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

'ಅವ್ವ, ನಿಂಗೆ ವಯಸ್ಸಾಯ್ತು. ಏನೇನೋ ಅನ್ಬೇಡ. ಒಳಕ್ಕೆ ನಡಿ.'

'ವಯಸ್ಸಾದ್ರೆ ಮದ್ವೆ ಮರ್ತೋದದಾ? ನಿಮ್ಮಪ್ಪ ಕೊಟ್ಗೆ ಕಟ್ಟುವಾಗ ಚಪ್ಪಡಿ ಸಾಲ್ದೆ ಅದ ಕಿತ್ಕೊಂಡ್ಬಂದ್ರು. ಬ್ಯಾಡಿ ಅಂದೆ, ಕೇಳ್ಲಿಲ್ಲ. ಅಕ್ಸರ ತುಳಿಬಾರ್ದು ಅಂತ ಕೆಳಮೊಕ ಮಾಡ್ಸುದ್ರು. ಅಷ್ಟು ಮರ್ಯಾದೆ ಇತ್ತು ಅವ್ರಿಗೆ.'

ಹಾಗಾದರೆ ಅಕ್ಷರ ಅಡಿಯಾದದ್ದು ಮುಚ್ಚಿಡಲೆಂದಲ್ಲ. ಮುಚ್ಚಿಡಲೆಂದೇ ಎಂದು ನಾನು ಊರೆಲ್ಲ ಸಾರಿಬಂದಿದ್ದೆ.

'ಅದ್ಕೆ ಯಾರು ಸಾಕ್ಷಿ?' ಪುಟ್ಟಮಲ್ಲಪ್ಪನವರ ಧ್ವನಿ ಏರಿತು. 'ಅಲ್ಲೇ ಇತ್ತು ಅನ್ನಕ್ಕೆ?'

ಮುದುಕಿ ಮಗನನ್ನು ಅಡಿಯಿಂದ ಮುಡಿವರೆಗೆ ನೋಡಿದರು. 'ನೀನು ಕಣ್ಲಾ. ಹರವೆಯಿಂದ ಹೆಣ್ ತಂದಾಗ ಎಲ್ಲಿ ಕಾಯಿ ಒಡ್ದೆ? ಒಂದೇಟ್ಗೆ ಒಡೀನಿಲ್ಲ, ಎರಡನೇ ಏಟು ಹಾಕ್ದೆ. ಹೆಣ್ಣಿನ ಕಡೆಯೋರು ನಗ್ಲಿಲ್ವಾ? ಕಲ್ಲು ಕಿತ್ತೋದ್ ಮ್ಯಾಲೂ ಎತ್ತು ಅಲ್ಲೇ ನಿಲ್ತವೆ. ಎತ್ತಿಗೆ ಗೊತ್ತಿರೋದು ನಿಂಗೆ ಗೊತ್ತಿಲ್ವಾ?'

ಒಳಗಿನಿಂದ, ಅಡುಗೆಮನೆಯಲ್ಲಿ, ಒಂದು ನಗು ಕೇಳಿಸಿ ತಟ್ಟನೆ ನಿಂತಿತು. ಅವರ ಹೆಂಡತಿ.

ಪುಟ್ಟಮಲ್ಲಪ್ಪ ಅಡುಗೆಮನೆಯ ಕಡೆ ಮುಖ ತಿರುಗಿಸಿದರು. ಕಿವಿ ಕೆಂಪಾಗಿತ್ತು. ನನಗೆ ಹೇಳಬೇಕಾದ ಮಾತು ಬಾಯಿ ತುಂಬ ಇತ್ತು. ನ್ಯಾಯ, ಜನತೆ, ಅಥೆನ್ಸ್. ಹೇಳಲಿಲ್ಲ. ಒಣಗಲಿ ಎಂದು ಬಿಟ್ಟೆ.

ಹೊರಡುವಾಗ ಮಲ್ಲಾಜಮ್ಮ — 'ಅಮಲ್ದಾರ್ರು ಕೇಳುದ್ರೂ ಇದ್ನೇ ಹೇಳ್ತೀನಿ ಕಣಪ್ಪ. ಅರಿಶ್ನ ಇಟ್ಟ ಕೈ ಇದು.'

ಈ ಋಣವನ್ನು ಯಾವ ಕಲ್ಲಿನಲ್ಲಿ ಕೆತ್ತಿಸಲಿ?

೩ ಏಪ್ರಿಲ್, ಶನಿವಾರ

ನಾಳೆ ಯುಗಾದಿ. ಮಾಲೀಕರು ಮಧ್ಯಾಹ್ನವೇ ಬಿಟ್ಟರು. ಬೆಲ್ಲ, ಒಂದು ಪಂಚೆ, ಮತ್ತೆ ಅಪ್ಪನಿಗೊಂದು ಮಾತು ಕಳಿಸಿದರು — ಹಬ್ಬ ಕಳೆದ ಮೇಲೆ ಪ್ರೆಸ್ಸಿನಲ್ಲಿ ಕಾಗದ ಹೊರಲು ಆಳು ಬೇಕಂತೆ. ಬೇಕಿರಲಿಲ್ಲ ಎಂದು ನನಗೆ ಗೊತ್ತು.

ಸಂಜೆ ಅವ್ವ ಕೆಂಪಿಯ ಕೊಂಬಿಗೆ ಎಣ್ಣೆ ಸವರುತ್ತಿದ್ದಳು. ಮಂಗಳವಾರ ಸಂತೆಗೆ ಹೊಡೆಯಬೇಕಾದ ಹಸು. ಆಗ ಕೇರಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ನೋಡಿದರೆ ಕೇರಿಯ ಬಾಯಲ್ಲಿ ಪುಟ್ಟಮಲ್ಲಪ್ಪ. ಒಬ್ಬರೇ. ಕೇರಿಗೆ ಅವರು ಬಂದದ್ದನ್ನು ನಾನು ಹಿಂದೆಂದೂ ಕಂಡಿಲ್ಲ. ಒಳಗೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

'ಚಿಕ್ಕಮಾದಯ್ಯ.'

ಅಪ್ಪ ಎದ್ದು ನಿಂತ. 'ಬುದ್ಧಿ.'

'ಅವ್ವ ಊಟ ಬುಟ್ಬುಟ್ಟವ್ಳೆ. ಕಲ್ಲು ಇದ್ದಲ್ಲಿಗೆ ಓಗಗಂಟ ಒಬ್ಬಟ್ಟು ಮುಟ್ಟಲ್ವಂತೆ.' ನೆಲ ನೋಡುತ್ತ ಹೇಳಿದರು. 'ಬೆಟ್ಟದ ಕಡೆಯಿಂದ ಬೇಲಿ ಇವತ್ತು ಬೆಳಿಗ್ಗೆಯಿಂದ ಕೀಳಿಸ್ತಾವಿನಿ. ಅಮಲ್ದಾರ್ರಿಗೆ ನಾನೇ ಬರ್ದು ಕೊಡ್ತೀನಿ. ಸೋಮವಾರ ಬೆಳಿಗ್ಗೆ ಮೋರಿ ಕಲ್ಲಿಗೆ ಕೈ ಹಾಕೋರು ಬೇಕು... ನೀನೇ ಬರ್ಬೇಕು. ಅದರ ತೂಕ ನಿಂಗೊಬ್ಬಂಗೇ ಗೊತ್ತಿರೋದು.'

ಆಮೇಲೆ ನನ್ನ ಕಡೆ. ಮೊದಲ ಸಲ ಕಣ್ಣಿಟ್ಟು ನೋಡಿದರು.

'ನೀನೂ ಬಾ. ಯಾವ ಕಡೆ ಮೊಕ ಅಂತ ಹೇಳು.'

'ರಸ್ತೆ ಕಡೆಗೆ ಬುದ್ಧಿ. ನೋಡಬೇಕು ಅಂದೋರು ಯಾರಾದ್ರೂ ನೋಡ್ಲಿ.'

'ಅವ್ವನೂ ಅದೇ ಅಂದ್ಲು.'

ಬುದ್ಧಿ ಎಂದೆ. ಎಂದೂ ಅನ್ನಬಾರದೆಂದಿದ್ದವನು. ಇವತ್ತು ಅದು ಬಾಯಿಗೆ ಭಾರವಾಗಲಿಲ್ಲ. ಯಾಕೆಂದು ನಿಧಾನವಾಗಿ ಯೋಚಿಸಬೇಕು.

ಅವರು ತಿರುಗಿದ ಮೇಲೆ ಚಿಕ್ಕಯ್ಯ ಗೊಣಗಿದ — 'ಸೋಮವಾರ ವರ್ಷತೊಡಕು ಕಣ್ಲಾ. ಊರೆಲ್ಲ ಬಾಡು ತಿನ್ನೋ ದಿನ ಕಲ್ಲು ಹೊರದಾ?' ಅಂದವನೇ ಹಾರೆ ಹುಡುಕಲು ಹೋದ.

ಅವ್ವ ಕೆಂಪಿಯ ಇನ್ನೊಂದು ಕೊಂಬಿಗೂ ಎಣ್ಣೆ ಹಚ್ಚಿದಳು. ನಿಧಾನವಾಗಿ. ಅವಸರವಿಲ್ಲದೆ.

ಮೇಷ್ಟ್ರಿಗೆ ನಾಳೆಯೇ ಹೇಳಿ ಕಳಿಸಬೇಕು, ಮಾಲೀಕರಿಗೂ. ಮಲ್ಲಾಜಮ್ಮನವರನ್ನು ಗಾಡಿಯಲ್ಲಿ ಕರೆತರುತ್ತಾರೆ, ಅದೇ ಜಾಗದಲ್ಲಿ ಇಳಿಸುತ್ತಾರೆ. ಅರಿಶಿನ ನಮ್ಮವ್ವ ಅರೆಯುತ್ತಾಳಂತೆ.

ಸೋಮವಾರ, ಐದನೇ ತಾರೀಖು, ಬೆಳಿಗ್ಗೆ ಎಂಟು ಗಂಟೆ, ಹುಣಸೆಮರದ ಹತ್ತಿರ. ನೋಡಬೇಕೆಂದವರು ಯಾರೇ ಆಗಲಿ, ಬರಲಿ.